ಅತ್ತೆಯ ಹೆಸರು

ಅಜ್ಜಿಯ ಹೆಸರು ಕಿವಿಗೆ ಬಿದ್ದರೆ ಸಾಕು, ಅಮ್ಮ ಕುಳಿತಲ್ಲಿಂದ ಎದ್ದು ಸೆರಗು ಹೊದೆಯುತ್ತಿದ್ದಳು. ಕೂಗಿದವನು ಅಂಚೆಯವನಾದರೂ ಸರಿಯೇ. ಸೊಸೆಯಾದವಳು ಅತ್ತೆಯ ಹೆಸರು ಎತ್ತುವಂತಿರಲಿಲ್ಲ. ಆ ಹೆಸರನ್ನೇ ನನಗೂ ಇಟ್ಟರು: ಅಲಮೇಲಮ್ಮ. ಹೆತ್ತ ಮಗಳನ್ನು ಹೆಸರು ಹಿಡಿದು ಕರೆಯಲಾಗದ ಅಮ್ಮ ನನ್ನನ್ನು ಗುಬ್ಬಿ ಎಂದಳು.

ಓದಲು ಹಾಸ್ಟೆಲ್ ಸೇರಿದಾಗ ಎರಡು ಹೆಸರನ್ನೂ ಮನೆಯಲ್ಲೇ ಬಿಟ್ಟೆ. ದಾಖಲೆ ಪುಸ್ತಕವೊಂದನ್ನು ಬಿಟ್ಟರೆ ಅಲ್ಲಿ ಎಲ್ಲರಿಗೂ ನಾನು ಅಲ್ಕಾ. ಕಾವಲುಗಾರ ರಾಚಯ್ಯನಿಗೂ ಅಷ್ಟೇ.

ಒಂದು ಭಾನುವಾರ ಮಹಡಿಯ ಕಟಕಟೆಗೆ ಒರಗಿ ನಾವು ನಾಲ್ವರು ಕೂದಲು ಒಣಗಿಸುತ್ತಿದ್ದೆವು. ಕೆಳಗೆ ಗೇಟಿನಲ್ಲಿ, ಕೋಡುಬಳೆಯ ಡಬ್ಬಿ ಅವಚಿಕೊಂಡು, ಅಮ್ಮ ನಿಂತಿದ್ದಳು. ಹೇಳದೆ ಬಂದಿದ್ದಳು.

“ನಮ್ಮ ಗುಬ್ಬೀನ ನೋಡ್ಬೇಕಿತ್ತಪ್ಪಾ.”

“ಗುಬ್ಬಿ ಮರದ ಮೇಲಿರುತ್ತೆ ತಾಯಿ. ಹೆಸರು ಹೇಳಿ.”

ಪಕ್ಕದಲ್ಲಿದ್ದ ಮೃಣಾಲಿನಿ ಕಿಸಕ್ಕೆಂದಳು. ಅಮ್ಮ ಡಬ್ಬಿಯನ್ನು ನೆಲಕ್ಕಿಟ್ಟು, ಸೆರಗು ಹೊದ್ದು, ಊರಿನ ದಿಕ್ಕಿಗೆ ತಿರುಗಿ ಕೈಮುಗಿದಳು. ಆಮೇಲೆ ಹೇಳಿದಳು: “ಅಲಮೇಲಮ್ಮ.”

ಅವಳ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು.

“ಇಲ್ಲಿರೋರೆಲ್ಲ ಹುಡುಗೀರು. ವೃದ್ಧಾಶ್ರಮ ಹಿಂದಿನ ಬೀದೀಲಿದೆ,” ಎಂದ ರಾಚಯ್ಯ.

ಮಹಡಿಯ ಮೇಲೆ ನಗು ಎದ್ದಿತು. ಅಮ್ಮ ತಲೆಯೆತ್ತಿದಳು. ನಾನೂ ನಕ್ಕೆ, ನಕ್ಕು, ಒದ್ದೆ ಕೂದಲನ್ನು ಮುಖದ ಮೇಲೆ ಎಳೆದುಕೊಂಡೆ. ಕೂದಲ ಸಂದಿಯಿಂದ ಕಂಡದ್ದು ಡಬ್ಬಿ ಎತ್ತಿಕೊಂಡು ರಸ್ತೆ ದಾಟುತ್ತಿದ್ದ ಅವಳ ಬೆನ್ನು. ಇದ್ದದ್ದು ಹದಿನೆಂಟೇ ಮೆಟ್ಟಿಲು. ನಾನು ಇಳಿಯಲಿಲ್ಲ.

ರಜೆಗೆ ಊರಿಗೆ ಹೋದಾಗ ಅಮ್ಮ ನನಗೆ ಬಡಿಸಿದಳು, ತಾನು ಊಟಕ್ಕೆ ಕೂರಲಿಲ್ಲ. ಅಜ್ಜಿ ಗೊಣಗಿದಳು: “ಬೀದೀಲಿ ನಿಂತು ನನ್ನ ಹೆಸರು ಹೇಳ್ಬಿಟ್ಟಳಂತೆ, ಮಹರಾಯ್ತಿ. ಅದಕ್ಕೆ ಶನಿವಾರ ಶನಿವಾರ ಉಪವಾಸ. ಬಿಡೇ ಅಂದ್ರೆ ಕೇಳಲ್ಲ.”

“ಯಾರ ಹತ್ರ ಹೇಳಿದೆ ಅಮ್ಮ?” ಎಂದೆ. ನಕ್ಕಿದ್ದಕ್ಕಿಂತ, ಏನೂ ತಿಳಿಯದವಳಂತೆ ಹಾಗೆ ಕೇಳಿದ್ದಕ್ಕೇ ಇವತ್ತಿಗೂ ನಾಚಿಕೆಯಾಗುತ್ತದೆ.

“ಯಾರೂ ಇರ್ಲಿಲ್ಲ.” ಅವಳು ಸಾರು ಬಡಿಸಿದಳು. ಸೌಟನ್ನು ಪಾತ್ರೆಗಿಟ್ಟು, “ಅಲ್ಲಿ ನಿನ್ನ ಏನಂತ ಕರೀತಾರೆ?” ಎಂದಳು.

ಹೇಳಿದೆ.

“ಅಲ್ಕಾ,” ಎಂದು ಮೆಲ್ಲಗೆ ಅಂದು ನೋಡಿದಳು. “ಸಲೀಸಾಗಿದೆ. ಯಾರ ಹೆಸರೂ ಅಲ್ಲ.”

ಮತ್ತೆಂದೂ ಅವಳು ಗುಬ್ಬಿ ಎನ್ನಲಿಲ್ಲ. ಮರುದಿನ ಬೆಳಿಗ್ಗೆ “ಅಲ್ಕಾ, ಕಾಫಿ” ಎಂದು ತಾನೇ ನಡುಮನೆಗೆ ತಂದಳು. ನನ್ನ ಲೋಟದಲ್ಲಲ್ಲ, ನೆಂಟರು ಬಂದರೆ ಮಾತ್ರ ಕೆಳಗಿಳಿಯುವ ಪಿಂಗಾಣಿ ಬಟ್ಟಲಿನಲ್ಲಿ.