ಸಾಕಮ್ಮ ಬೇಡ ಅಂದದ್ದು

ಹ್ಯಾನಾ ಆಸ್ಟ್ರೇಲಿಯಾದಲ್ಲಿ ಆಂಬುಲೆನ್ಸ್ ಕೆಲಸ ಓದುತ್ತಿರುವ ಹುಡುಗಿ. ಸೌಕರ್ಯ ಕಡಿಮೆ ಇರುವ ಕಡೆ ಕಲಿಯಲಿ ಎಂದು ಎಚ್.ಡಿ. ಕೋಟೆ ಸೀಮೆಯ ಸಣ್ಣ ಆಸ್ಪತ್ರೆಯೊಂದಕ್ಕೆ ಕಳಿಸಿದ್ದರು. ಇಲ್ಲಿ ಇಸಿಜಿ ಯಂತ್ರ ಇದ್ದದ್ದು ಒಂದೇ, ಅದೂ ಆಸ್ಪತ್ರೆ ಬಿಟ್ಟು ಕದಲುತ್ತಿರಲಿಲ್ಲ. ಗಾಡಿಯಲ್ಲಿ ಅವಳ ಜೊತೆಗೆ ಹೋಗುತ್ತಿದ್ದವನು ನರ್ಸ್ ಸುರೇಶ, ಸಾಲಿಗ್ರಾಮದವನು. ಬುದ್ಧಿ ನೆಟ್ಟಗಿರುವ ರೋಗಿ ಬೇಡ ಅಂದರೆ ಬಲವಂತ ಮಾಡಬಾರದು ಎಂದು ಅವಳು ತಮ್ಮ ಕಡೆಯ ನಿಯಮ ಹೇಳಿದಾಗ, ಸುರೇಶ ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡಿದ್ದ.

ಒಂದು ಮಧ್ಯಾಹ್ನ ಅಂತರಸಂತೆ ಹತ್ತಿರದ ಹಳ್ಳಿಯಿಂದ ಫೋನ್ ಬಂತು. ಸಾಕಮ್ಮ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದರು, ಮೈಯೆಲ್ಲ ಬೆವರು. ಪಕ್ಕದಲ್ಲಿ ಸೊಸೆ ರಮ್ಯ. ನಾಡಿ ನೋಡಿದ ಹ್ಯಾನಾಗೆ ಅನುಮಾನ ಉಳಿಯಲಿಲ್ಲ. ಇದು ಹೃದಯದ್ದೇ, ತಡವಾದರೆ ಜೀವ ಉಳಿಯುವುದಿಲ್ಲ.

"ಜೀವಕ್ಕೆ ಅಪಾಯ ಅಂತವ್ರೆ ಕಣಮ್ಮ. ಆಸ್ಪತ್ರೆಗೆ ಬತ್ತೀರಾ?" ಎಂದ ಸುರೇಶ.

"ಅಯ್ಯೋ, ಬ್ಯಾಡ ಬುಡಪ್ಪ. ನಿಮಗ್ಯಾಕೆ ತೊಂದ್ರೆ," ಎಂದು ಸಾಕಮ್ಮ ಎದ್ದು, ರಮ್ಯಳ ಭುಜ ಹಿಡಿದು ಒಳಗೆ ಹೋದರು.

ಬೇಡವಂತೆ ಎಂದು ಸುರೇಶ ಇಂಗ್ಲಿಷಿನಲ್ಲಿ ಹೇಳಿದ. ಸ್ವಂತ ಅತ್ತೆಮನೆಯಲ್ಲಿ ಮೂರು ಸಲ ಹೇಳಿಸಿಕೊಳ್ಳದೆ ಮುದ್ದೆಗೆ ಕೈ ಹಾಕದ ಆಸಾಮಿ ಇವನು. ಮೇಡಂ ಎದುರಿಗೆ ಅದೆಲ್ಲ ಮರೆತುಹೋಗಿತ್ತು. ಹ್ಯಾನಾ ಮುಖ ಸಣ್ಣದಾಯಿತು. ಆದರೆ ನಿಯಮ ನಿಯಮವೇ. ಇಬ್ಬರೂ ಗಾಡಿ ಹತ್ತಿದರು.

ಅಂತರಸಂತೆಯಲ್ಲಿ ಡ್ರೈವರ್ ಟೀ ಅಂಗಡಿ ಮುಂದೆ ನಿಲ್ಲಿಸಿದ.

"ಟೀ ತಕ್ಕೊಳಿ ಸಾ," ಎಂದ ಅಂಗಡಿಯವನು.

"ಬ್ಯಾಡ ಬುಡಿ."

"ಏ, ಅಂಗಂದ್ರೆ ಎಂಗೆ, ಕುಡೀರಿ."

ಸುರೇಶ ಲೋಟ ಈಸಿಕೊಂಡ. ಅಷ್ಟು ಕನ್ನಡ ಹ್ಯಾನಾಗೂ ಬಂದಿತ್ತು. "ನೀನು ಬೇಡ ಅಂದೆಯಲ್ಲ?" ಎಂದು ಕೇಳಿದಳು, ಸುಮ್ಮನೆ ಕುತೂಹಲಕ್ಕೆ.

ಸುರೇಶನ ಕೈ ಬಾಯಿವರೆಗೆ ಹೋಗಲಿಲ್ಲ. ಲೋಟ ಅಲ್ಲೇ ಇಟ್ಟು, "ಗಾಡಿ ತಿರುಗ್ಸಲಾ!" ಎಂದು ಡ್ರೈವರಿಗೆ ಕೂಗಿದ.

ಸಾಕಮ್ಮ ಮತ್ತೆ ಜಗಲಿಯ ಮೇಲಿದ್ದರು. ರಮ್ಯ ತೊಡೆಯ ಮೇಲೆ ಅತ್ತೆಯ ತಲೆ ಇಟ್ಟುಕೊಂಡು ಕೂತಿದ್ದಳು. ಹ್ಯಾನಾ ಕುತ್ತಿಗೆಗೆ ಬೆರಳಿಟ್ಟು ನೋಡಿದಳು, ಆಮೇಲೆ ಅವರನ್ನು ನೆಲಕ್ಕೆ ಮಲಗಿಸಿ ಎದೆ ಒತ್ತತೊಡಗಿದಳು. ಅವಳ ಕೈ ಸೋತಾಗ ಸುರೇಶ ಒತ್ತಿದ, ಅವನ ಕೈ ಸೋತಾಗ ಅವಳು. ಏನೂ ಉಪಯೋಗವಾಗಲಿಲ್ಲ. ಸಾಕಮ್ಮ ಒಳ್ಳೆಯ ಸೀರೆ ಉಟ್ಟಿದ್ದರು. ಪಕ್ಕದಲ್ಲಿ ಬಟ್ಟೆ ತುಂಬಿದ ಬ್ಯಾಗಿತ್ತು.

ರಮ್ಯ ಸುರೇಶನ ಕಡೆ ನೋಡದೆ ಮಾತಾಡಿದಳು. ಏನಂದಳು ಎಂದು ಹ್ಯಾನಾ ಕೇಳಿದಳು. ಸುರೇಶ ಹೇಳಲೇಬೇಕಾಯಿತು.

"ಇನ್ನೊಂದ್ಸಲ ಕರೀತಾರೆ, ಈ ಸೀರೇಲಿ ಎಂಗೋಗದು ಅಂತ ಉಟ್ಕೊಂಡ್ರು. ಈಚೆಗೆ ಬಂದು ನೋಡುದ್ರೆ ನೀವೇ ಇಲ್ಲ."