ಗಣಿಯ ಮೇಲಿನ ಪ್ರೇಮ

ಒಳ್ಳೆಯ ಕಥೆ ಹಾಳಾದರೆ ನನಗೆ ಮೈ ಉರಿಯುತ್ತದೆ. ಪೋಲೆಂಡಿನ ಟಿವಿಯಲ್ಲಿ ಬರುವ ಪರದೇಶದ ಚಿತ್ರಗಳ ಮಾತನ್ನೆಲ್ಲ ನಾನೊಬ್ಬನೇ ಪೋಲಿಷ್‌ನಲ್ಲಿ ಓದುತ್ತೇನೆ, ಅದೇ ನನ್ನ ಕೆಲಸ. ನಾಯಕ, ನಾಯಕಿ, ಕಳ್ಳ, ಪೊಲೀಸ್, ಎಲ್ಲರಿಗೂ ನನ್ನದೊಂದೇ ದನಿ. ಅಳುವಂತಿಲ್ಲ, ನಗುವಂತಿಲ್ಲ, ಸುಮ್ಮನೆ ಓದಬೇಕು.

ಈ ಸಲ ಸಿಕ್ಕಿದ್ದು ಕುಸಿದ ಗಣಿಯ ಕಥೆ. ಒಳಗೆ ಏಳು ಜನ, ಒಂದೇ ದೀಪ. ಎಂಥಾ ಕಥೆ! ಆದರೆ ಹತ್ತು ನಿಮಿಷಕ್ಕೊಮ್ಮೆ ಕ್ಯಾಮೆರಾ ಮೇಲಕ್ಕೆ ಬರುತ್ತದೆ, ಅಲ್ಲೊಬ್ಬ ಎಂಜಿನಿಯರ್ ನರ್ಸನ್ನು ತಬ್ಬಿಕೊಂಡು ನಿಂತಿರುತ್ತಾನೆ. ಕೆಳಗೆ ಜನ ಉಸಿರುಗಟ್ಟಿ ಸಾಯುತ್ತಿದ್ದಾರೆ, ಇವರಿಗೆ ಸರಸ! ಓದುವಾಗಲೇ ಇಬ್ಬರಿಗೂ ಹಿಡಿ ಶಾಪ ಹಾಕಿದ್ದೆ.

ಅದು ಪ್ರಸಾರವಾದ ಭಾನುವಾರ ಮಧ್ಯಾಹ್ನ ಗಣಿಗಳ ಊರಾದ ಬಿಟೋಮ್‌ನಲ್ಲಿರುವ ಅಪ್ಪನ ಮನೆಗೆ ಹೋದೆ. ಅಪ್ಪ ಮೂವತ್ತು ವರ್ಷ ಗಣಿಯಲ್ಲಿ ದುಡಿದವನು. ಒಮ್ಮೆ ನಾಲ್ಕು ದಿನ ಒಳಗೇ ಸಿಕ್ಕಿಕೊಂಡಿದ್ದ. ಜೊತೆಗಿದ್ದ ಅವನ ತಮ್ಮ ಗಿಂಟರ್ ಬದುಕಿ ಬರಲಿಲ್ಲ. ಆ ನಾಲ್ಕು ದಿನದ ಬಗ್ಗೆ ಅಪ್ಪ ಯಾರೆದುರೂ ತುಟಿ ಬಿಚ್ಚಿರಲಿಲ್ಲ. ಅಮ್ಮ ಕೇಳಿ ಕೇಳಿ ಸೋತು, ತಿಳಿಯದೆಯೇ ತೀರಿಕೊಂಡಳು. ಈ ಚಿತ್ರ ನೋಡಿಯಾದರೂ ಬಾಯಿ ಬಿಟ್ಟಾನು ಎಂಬ ಆಸೆ ನನಗೆ.

ಗಣಿಯ ದೃಶ್ಯಕ್ಕೆ ಅಪ್ಪ ಕಲ್ಲಿನಂತೆ ಕೂತಿದ್ದ. ಪರದೆಯ ಮೇಲೆ ನರ್ಸ್ ಬಂದಳು.

"ಅವಳಿಗೂ ನಿಂದೇ ದನಿ, ಅವನಿಗೂ ನಿಂದೇ ದನಿ. ನಿನ್ನನ್ನ ನೀನೇ ಪ್ರೀತಿಸ್ತಾ ಇದೀಯೇನೋ ನೊರ್ಬೆರ್ಟ್?" ಎಂದು ಅಪ್ಪ ನಕ್ಕ. ಚಹಾಕ್ಕೆ ಸಕ್ಕರೆ ಹಾಕಿ ಕಲಕುತ್ತ, "ನಮಗೆ ದೀಪಾನೂ ಇರ್ಲಿಲ್ಲ ಕಣೋ. ಎರಡನೇ ದಿನಕ್ಕೇ ಆರಿಹೋಯ್ತು" ಎಂದ.

ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ.

"ಗಿಂಟರ್ ಕಾಲು ಕಂಬದ ಅಡಿ ಸಿಕ್ಕಿತ್ತು. ನೋವು ಅಂತ ಒಂದ್ಸಲಾನೂ ಅನ್ಲಿಲ್ಲ. ಬ್ರೆಡ್ಡೆಲ್ಲಾ ನೀನೇ ತಿಂದೆ ಅಂತ ನನ್ನನ್ನ ಬೈತಾ ಇದ್ದ."

ಚಿತ್ರ ಮತ್ತೆ ಗಣಿಗಿಳಿಯಿತು. ಅಪ್ಪ ಬಾಯಿ ಮುಚ್ಚಿದ.

"ಆಮೇಲೆ?" ಎಂದೆ.

"ಶ್! ನೋಡೋಕೆ ಬಿಡೋ."

ಮೇಲಿನವರು ತಬ್ಬಿಕೊಂಡಾಗ ಮಾತ್ರ ಅವನಿಗೆ ಮಾತು ಬರುತ್ತಿತ್ತು. ಅಯ್ಯೋ ದೇವರೇ, ಶಾಪ ಹಾಕಿದ ನಾನೇ ಆ ಹಾಳು ಪ್ರೇಮಿಗಳಿಗಾಗಿ ಚಡಪಡಿಸುತ್ತ ಕೂತೆ.

ಕೊನೆಗೂ ಬಂದರು. ಇದೇ ಇವರ ಕೊನೆಯ ದೃಶ್ಯ, ಇರುವುದು ಎರಡೇ ನಿಮಿಷ ಎಂಬುದು ನನಗೆ ಗೊತ್ತಿತ್ತು. ಓದಿದವನು ನಾನೇ ತಾನೇ.

"ನಾಲ್ಕನೇ ದಿನ ಮೇಲಿಂದ ಕೊರೆಯೋ ಸದ್ದು ಬಂತು," ಎಂದ ಅಪ್ಪ. "ಬಂದ್ರು ಕಣೋ ಗಿಂಟರ್ ಅಂತ ಕೈ ಹಿಡ್ಕೊಂಡೆ. ತಣ್ಣಗಿತ್ತು. ನನಗೆ ನಿದ್ದೆ ಬಂದುಬಿಟ್ಟಿತ್ತು ನೊರ್ಬೆರ್ಟ್. ಅವನು ಯಾವಾಗ ಹೋದ ಅಂತಾನೇ ಗೊತ್ತಾಗ್ಲಿಲ್ಲ. ನನ್ನನ್ನ ಕರೆದನೋ ಏನೋ."

ಅಷ್ಟರಲ್ಲಿ ಪ್ರೇಮಿಗಳು ಮಾಯವಾಗಿ ಪರದೆ ಕಪ್ಪಾಯಿತು, ಮತ್ತೆ ಗಣಿ. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಅಪ್ಪ ರಿಮೋಟ್ ಎತ್ತಿಕೊಂಡು ಟಿವಿ ಆರಿಸಿದ.

"ಆ ಗಣೀಲಿರೋರು ಹೇಗೋ ಬದುಕ್ಕೋತಾರೆ ಬಿಡು," ಎಂದ. "ನೀನು ಗಿಂಟರ್ ವಿಷಯ ಕೇಳು."