ನಮ್ಮಜ್ಜಿ ಒಪ್ಪಿದ ಬಿ.ಡಿ.

ಅರವತ್ತೆಂಟನೇ ಇಸವಿಯಲ್ಲಿ ಬಿ.ಎ. ಮುಗಿಸಿ ಮೈಸೂರಿನಿಂದ ಕಾಮಗೆರೆಗೆ ಬಂದು ಕೂತಾಗ ನನ್ನ ಮುಂದೆ ಇದ್ದದ್ದು ಎರಡೇ ದಾರಿ. ಬಿ.ಎಡ್. ಮಾಡಿ ಕೊಳ್ಳೇಗಾಲದಲ್ಲಿ ಟೀಚರಾಗಲಿ ಎಂಬುದು ಅಪ್ಪನ ಆಸೆ. ಬೆಂಗಳೂರಿಗೆ ಹೋಗಿ ಬಿ.ಡಿ. ಮಾಡುತ್ತೇನೆ, ಅಂದರೆ ಬೈಬಲ್ಲನ್ನೇ ಪಾಠವಾಗಿ ಓದಿ ಪದವಿ ತೆಗೆದುಕೊಳ್ಳುತ್ತೇನೆ ಎಂಬುದು ನನ್ನ ಹಟ.

ಅಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರ್. ಯಾರ ಮಾತಿಗೂ ಸುಲಭಕ್ಕೆ ಸೊಪ್ಪು ಹಾಕುವವರಲ್ಲ.

"ಅದ್ನ ಓದಿ ಏನಾಯ್ತೀಯೆ ದಯಾ? ಎಣ್ಮಕ್ಕಳ್ನ ಅಯ್ನೋರ್ ಮಾಡಾಕಿಲ್ಲ ಕಣವ್ವ," ಎಂದರು.

ಅದೇನೋ ನಿಜ. ಆದರೆ ನನಗೆ ಚರ್ಚಿನಲ್ಲಿ ನಿಂತು ಪ್ರಸಂಗ ಮಾಡುವ ಆಸೆಯೇ ಇರಲಿಲ್ಲ. ಆ ಪುಸ್ತಕದ ಸಂದಿಗೊಂದಿ ಬಿಡದೆ ಓಡಾಡಿ ಬರಬೇಕಿತ್ತು, ಅಷ್ಟೆ. ಹಾಗೆ ಹೇಳಿದರೆ, "ಅದ್ಕೆ ಕಾಲೇಜ್ ಯಾಕೆ? ಮನೇಲೇ ಕೂತ್ಕಂಡು ಓದು," ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಎರಡು ದಿನ ನಾನು ಮಾತು ಬಿಟ್ಟ ಮೇಲೆ ಅಪ್ಪ ಒಂದು ಉಪಾಯ ಹೂಡಿದರು. "ಅವ್ವ ಒಪ್ಪುದ್ರೆ ಓಗು. ನಾನು ಅಡ್ಡ ಬರಾಕಿಲ್ಲ."

ಅವ್ವ ಎಂದರೆ ನಮ್ಮಜ್ಜಿ ಚಿಕ್ಕಬಸಮ್ಮ. ದೀಕ್ಷಾಸ್ನಾನದಲ್ಲಿ ರಾಹೇಲಮ್ಮ ಎಂದು ಹೆಸರಿಟ್ಟಿದ್ದರೂ ಹಾಗೆ ಕರೆದರೆ ಓಗೊಡುತ್ತಿರಲಿಲ್ಲ. ಮೈಸೂರಿಗೆ ನನ್ನನ್ನು ಕಳಿಸುವಾಗಲೇ ಊಟ ಬಿಟ್ಟು ಕೂತಿದ್ದ ಮುದುಕಿ. ಬೆಂಗಳೂರಿಗೆ ಒಪ್ಪುವುದುಂಟೇ ಎಂದು ಅಪ್ಪನ ಲೆಕ್ಕ. ಆದರೆ ಅಜ್ಜಿ ಒಮ್ಮೆ ಹೂಂ ಎಂದರೆ ಅದನ್ನು ಮೀರುವ ಧೈರ್ಯ ಅಪ್ಪನಿಗೂ ಇರಲಿಲ್ಲ.

ಭಾನುವಾರ ಆರಾಧನೆ ಮುಗಿಸಿ ಬಂದು ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅಪ್ಪ ಹೋಗಿ ಪಕ್ಕದಲ್ಲಿ ಕೂತರು.

"ಅವ್ವಾ, ಇವ್ಳು ಬೆಂಗ್ಳೂರ್ಗೋಗಿ ಬಿ.ಡಿ. ಮಾಡ್ತಾಳಂತೆ."

"ಮಾಡ್ಲಿ ಬುಡ್ಲಾ," ಎಂದರು ಅಜ್ಜಿ ತಲೆಯೆತ್ತದೆ. "ಕೂತ ತಾವೇ ಮಾಡೋ ಕೆಲ್ಸ. ಬಿಸ್ಲಿಲ್ಲ, ಬೆವ್ರಿಲ್ಲ."

ಅಪ್ಪ ಕಕ್ಕಾಬಿಕ್ಕಿಯಾದರು. ನಾನು ಕುಣಿಯುವುದೊಂದು ಬಾಕಿ.

"ಆದ್ರೂ ಅದ್ಕೆ ಬೆಂಗ್ಳೂರ್ಗಂಟ ಯಾಕೋಗ್ಬೇಕು?" ಅಜ್ಜಿ ಮುಂದುವರಿಸಿದರು. "ಎಲೆ, ಒಗೆಸೊಪ್ಪು ಕೊಳ್ಳೇಗಾಲ್ದಲ್ಲೇ ಸಿಕ್ಕಾಕಿಲ್ವಾ?"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೀಡಿ ಸುತ್ತೋದಲ್ಲ ಕಣವ್ವಾ! ಬೈಬಲ್ ಓದೋದು. ಎಣ್ಮಗಾಗಿ ಬೆಂಗ್ಳೂರಲ್ ಕೂತ್ಕಂಡು ಬೈಬಲ್ ಓದ್ತಾಳಂತೆ. ಈಗ ಬ್ಯಾಡ ಅನ್ನು, ಮತ್ತೆ."

ಅಜ್ಜಿ ಕೈಗಂಟಿದ ಹುಣಸೆಯನ್ನು ಸೆರಗಿಗೆ ಒರೆಸಿಕೊಂಡು ನನ್ನತ್ತ ತಿರುಗಿದರು.

"ಪೂರ್ತಿ ಓದುಸ್ತಾರಾ?"

"ಪೂರ್ತಿ ಅಜ್ಜಿ. ಅದನ್ನ ಮೊದ್ಲು ಬರೆದ ಹಳೇ ಭಾಷೇನೂ ಕಲಿಸ್ತಾರೆ."

"ನಿಂಗೆ ಅನ್ಮಾನ ಬಂದ್ರೆ ಕೇಳ್ಬೋದಾ? ಬೈಯಾಕಿಲ್ವಾ?"

"ಕೇಳೋದೇ ಅಲ್ಲಿ ಓದು."

"ಅಂಗಾದ್ರೆ ಒಂದ್ ಕೇಳ್ಕಂಡ್ ಬಾ ಮಗಾ. ಬೈಬಲ್ಲಲ್ಲಿ ಊರು ಬುಟ್ಟು ಓಡೋಯ್ತಾ ಇಂದಕ್ ತಿರುಗಿ ನೋಡಿ ಉಪ್ಪಿನ ಕಂಬ ಆದ್ಳಲ್ಲ ಆವಮ್ಮ, ಅವಳ ಎಸ್ರೇನು? ಎಷ್ಟೋ ವರ್ಸದಿಂದ ಆ ಕತೆ ಕೇಳಿಸ್ಕಂಡಿವ್ನಿ, ಯಾವ ಅಯ್ನೋರೂ ಏಳ್ನಿಲ್ಲ. ಗಂಡುಸ್ರನ್ನ ಕೇಳಾಕೆ ನಾಚ್ಕೆ. ನಾನೂ ಮದ್ವೆಯಾಗಿ ಕೌದಳ್ಳಿಯಿಂದ ಬರೋವಾಗ ನಮ್ಮವ್ವನ್ ಕಡೆ ತಿರುಗಿ ನೋಡಿದ್ದೆ. ನಂಗೇನೂ ಆಗ್ನಿಲ್ಲ. ಆವಮ್ಮಂಗೆ ಯಾಕಂಗಾಯ್ತು?"

ಆ ಹೆಂಗಸಿನ ಹೆಸರು ಬೈಬಲಿನಲ್ಲಿ ಎಲ್ಲೂ ಇಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಹೇಳದೆ ಹೂಂ ಎಂದೆ, ಅಳು ಬಂತು. ಅಪ್ಪನ ನಗು ಯಾವಾಗಲೋ ನಿಂತಿತ್ತು. ಅವರು "ಅರ್ಜಿ ಬರಿಯವ್ವ," ಎಂದರು.

ಜೂನ್‌ನಲ್ಲಿ ಬಸ್ಸು ಬಂದಾಗ ಅಜ್ಜಿ ರಸ್ತೆಯವರೆಗೂ ಬಂದರು. ನನ್ನ ಕೆನ್ನೆ ಸವರಿ ಹೇಳಿದರು.

"ತಿರುಗಿ ನೋಡ್ಕಂಡೇ ಓಗು ಮಗಾ. ಏನೂ ಆಗಾಕಿಲ್ಲ."